ಊಟದ ತಟ್ಟೆಯ ಮುಂದೆ ಅಂಕಪಟ್ಟಿ

ಪರೀಕ್ಷೆ ಹತ್ತಿರ ಬಂದಂತೆ ಒಬ್ಬ ಹುಡುಗ ಸೊರಗುತ್ತಾನೆ, ಅದೇ ತರಗತಿಯ ಇನ್ನೊಬ್ಬ ಹುಡುಗಿ ದಪ್ಪಗಾಗುತ್ತಾಳೆ. ಒಬ್ಬನಿಗೆ ಟಾನಿಕ್, ಇನ್ನೊಬ್ಬಳಿಗೆ ಬೈಗುಳ. ಆದರೆ ಇಬ್ಬರ ತೊಂದರೆಯ ಬೇರೂ ಒಂದೇ ಇರಬಹುದು. ಮನಸ್ಸಿನ ಮೇಲಿನ ಭಾರ ಮೈತೂಕದಲ್ಲಿ ಕಾಣಿಸಿಕೊಳ್ಳುವ ಬಗೆ ಇಲ್ಲಿದೆ.

ಫೆಬ್ರುವರಿ ಮುಗಿದು ಮಾರ್ಚ್ ಕಾಲಿಟ್ಟರೆ ಲಿಂಗಸುಗೂರಿನಲ್ಲಿ ಎರಡು ಬಗೆಯ ಕಾವು ಏರತೊಡಗುತ್ತದೆ. ಒಂದು ರಾಯಚೂರು ಸೀಮೆಯ ಬಿಸಿಲಿನದು. ಅದಕ್ಕೆ ಜನ ಒಗ್ಗಿಹೋಗಿದ್ದಾರೆ. ಇನ್ನೊಂದು ಪರೀಕ್ಷೆಯದು, ಅದಕ್ಕೆ ಮಾತ್ರ ಯಾರೂ ಒಗ್ಗಿದಂತಿಲ್ಲ. ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳ ಕೈಯಲ್ಲಿ ಬಸ್ಸಿನಲ್ಲೂ ಪುಸ್ತಕ. ಬಾಡಿಗೆ ಕೋಣೆ ಹಿಡಿದು ಓದುವವರ ಕಿಟಕಿಗಳಲ್ಲಿ ನಡುರಾತ್ರಿಯಾದರೂ ದೀಪ. ಎಸ್ಸೆಸ್ಸೆಲ್ಸಿ, ಪಿಯುಸಿ, ಅದರ ಬೆನ್ನಿಗೇ ಸಿಇಟಿ, ನೀಟ್. ಒಂದು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು.

ಈ ದಿನಗಳಲ್ಲಿ ಮಕ್ಕಳನ್ನು ದವಾಖಾನೆಗೆ ಕರೆತರುವ ತಾಯಂದಿರ ದೂರು ಸಾಮಾನ್ಯವಾಗಿ ಎರಡು ಬಗೆಯದು. ‘ಎಷ್ಟ್ ಸೊರಗಿ ಹೋಗ್ಯಾನ ನೋಡ್ರಿ ಡಾಕ್ಟ್ರೇ, ಊಟಾನೇ ಸೇರವಲ್ದು. ಒಂದು ಟಾನಿಕ್ ಬರದ ಕೊಡ್ರಿ’ ಎನ್ನುವುದು ಒಂದು. ‘ದಿನಾ ಕುಂತು ಓದತಾಳ, ಕುಂತಲ್ಲೇ ತಿಂತಾಳ. ಮೈ ಹೆಂಗ ಬಂದೈತಿ ನೋಡ್ರಿ’ ಎನ್ನುವುದು ಇನ್ನೊಂದು. ಪಕ್ಕದಲ್ಲಿ ಕುಳಿತ ಮಗ ನೆಲ ನೋಡುತ್ತಾನೆ. ಮಗಳು ಓಢಣಿ ಸರಿಪಡಿಸಿಕೊಳ್ಳುತ್ತಾಳೆ. ಇಬ್ಬರಿಗೂ ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಇಬ್ಬರಿಗೂ ಆಗಾಗ ತಲೆನೋವು, ಹೊಟ್ಟೆಯಲ್ಲಿ ತಳಮಳ. ಆದರೆ ಆ ವಿಷಯವನ್ನು ಯಾರೂ ಕೇಳಿರುವುದಿಲ್ಲ.

ಒಂದೇ ಕಾರಣ ಒಬ್ಬನನ್ನು ಸೊರಗಿಸಿ ಇನ್ನೊಬ್ಬಳನ್ನು ದಪ್ಪಗಾಗಿಸುವುದು ಸಾಧ್ಯವೇ? ಸಾಧ್ಯ ಎನ್ನುತ್ತದೆ ವೈದ್ಯವಿಜ್ಞಾನ.

ಹುಲಿ ಇಲ್ಲದ ಊರಿನಲ್ಲಿ ಹುಲಿಯ ಭಯ

ಕಥೆ ಒಂದು ಬೆಕ್ಕಿನಿಂದ ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಆಗಷ್ಟೇ ಬಂದಿದ್ದ ಎಕ್ಸ್‌ರೇಯ ನೆರವಿನಿಂದ ಬೆಕ್ಕಿನ ಜಠರದ ಚಲನೆಯನ್ನು ನೋಡುತ್ತಿದ್ದರು. ಬೆಕ್ಕು ಸಮಾಧಾನದಿಂದ ಇದ್ದಾಗ ಜಠರ ಅಲೆ ಅಲೆಯಾಗಿ ಆಹಾರವನ್ನು ಕಡೆಯುತ್ತಿತ್ತು. ಬೆಕ್ಕು ಗಾಬರಿಗೊಂಡರೆ, ಸಿಟ್ಟಿಗೆದ್ದರೆ ಆ ಅಲೆಗಳು ತಟ್ಟನೆ ನಿಂತುಬಿಡುತ್ತಿದ್ದವು. ಈ ಜಾಡು ಹಿಡಿದು ಹೊರಟ ಕ್ಯಾನನ್ 1915ರಲ್ಲಿ ನೋವು, ಹಸಿವು, ಭಯ ಮತ್ತು ಕೋಪದ ಹೊತ್ತಿನಲ್ಲಿ ದೇಹದಲ್ಲಾಗುವ ಬದಲಾವಣೆಗಳನ್ನು ಕುರಿತು ಗ್ರಂಥವನ್ನೇ ಬರೆದರು. ಲಿಂಗಸುಗೂರಿನ ನೆರೆಯ ಮಸ್ಕಿಯಲ್ಲಿ ಅಶೋಕನ ಹೆಸರಿದ್ದ ಬಂಡೆಶಾಸನ ಪತ್ತೆಯಾದದ್ದೂ ಅದೇ 1915ರಲ್ಲಿ.

ಅಪಾಯ ಎದುರಾದಾಗ ಪ್ರಾಣಿಗೆ ಇರುವ ದಾರಿ ಎರಡು: ಕಾದಾಡುವುದು, ಇಲ್ಲವೇ ಓಡಿಹೋಗುವುದು. ಎರಡಕ್ಕೂ ಕೈಕಾಲುಗಳಲ್ಲಿ ಬಲ ಬೇಕು. ಆದ್ದರಿಂದ ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಉಸಿರು ಬಿರುಸಾಗುತ್ತದೆ, ರಕ್ತಕ್ಕೆ ಸಕ್ಕರೆ ಹರಿದುಬರುತ್ತದೆ. ಹೊಟ್ಟೆಯ ಕಡೆಗೆ ಹೋಗುವ ರಕ್ತ ಕಡಿಮೆಯಾಗಿ ಸ್ನಾಯುಗಳಿಗೆ ಹೆಚ್ಚು ಸಿಗುತ್ತದೆ. ಹುಲಿ ಬೆನ್ನಟ್ಟಿರುವಾಗ ಊಟ ಅರಗಿಸುವುದು ತುರ್ತಿನ ಕೆಲಸವಲ್ಲ!

ಈ ಏರ್ಪಾಟನ್ನು ನಡೆಸುವವು ಎರಡೂ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು. ಅವು ಎರಡು ಬಗೆಯ ರಸ ಸುರಿಸುತ್ತವೆ. ಅಡ್ರಿನಲಿನ್ ಕ್ಷಣಾರ್ಧದಲ್ಲಿ ಬಂದು ನಿಮಿಷಗಳಲ್ಲಿ ಹೋಗುತ್ತದೆ. ಕಾರ್ಟಿಸಾಲ್ ನಿಧಾನವಾಗಿ ಬಂದು ಬಹಳ ಹೊತ್ತು ಉಳಿಯುತ್ತದೆ. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಅಡ್ರಿನಲ್‌ಗೆ ಹೀಗೆ ಒಂದರಿಂದೊಂದಕ್ಕೆ ಸುದ್ದಿ ಮುಟ್ಟಿ ಕಾರ್ಟಿಸಾಲ್ ಹೊರಡುತ್ತದೆ. ಅಪಾಯ ಕಳೆದ ಮೇಲೆ ಎಲ್ಲವೂ ಮೊದಲಿನಂತಾಗಬೇಕು. ನಿಸರ್ಗದ ಲೆಕ್ಕಾಚಾರ ಇದು.

ಪರೀಕ್ಷೆಯ ಹುಲಿ ಆರು ತಿಂಗಳಾದರೂ ಹೋಗುವುದಿಲ್ಲ ಎನ್ನುವುದೇ ತೊಂದರೆ. ಅದರಿಂದ ಓಡಿಹೋಗುವಂತಿಲ್ಲ, ಅದರ ಜೊತೆ ಕುಸ್ತಿ ಹಿಡಿಯುವಂತೆಯೂ ಇಲ್ಲ. ಹುಡುಗ ಕುರ್ಚಿಯ ಮೇಲೆ ಕುಳಿತೇ ಇರುತ್ತಾನೆ, ಒಳಗೆ ದೇಹ ಮಾತ್ರ ಓಡುತ್ತಲೇ ಇರುತ್ತದೆ. ಕೆನಡಾದಲ್ಲಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಕಾರಣ ಯಾವುದೇ ಇರಲಿ, ಬಹುಕಾಲ ಪೀಡನೆಗೆ ಸಿಕ್ಕ ದೇಹದಲ್ಲಿ ಒಂದೇ ಬಗೆಯ ಹಾನಿ ಆಗುತ್ತದೆಂದು ತೋರಿಸಿದರು. ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ರೋಗ ತಡೆಯುವ ಗ್ರಂಥಿಗಳು ಕುಗ್ಗಿದ್ದವು, ಜಠರದಲ್ಲಿ ಹುಣ್ಣುಗಳಾಗಿದ್ದವು. ‘ಸ್ಟ್ರೆಸ್’ ಎಂಬ ಪದ ವೈದ್ಯರ ಬಾಯಲ್ಲಿ ನೆಲೆನಿಂತದ್ದು ಸೆಲ್ಯೆ ಅವರಿಂದಲೇ.

ಮೈಸೂರಿನ ಮಕ್ಕಳು ಎದುರಿಸಿದ ಹತ್ತು ನಿಮಿಷ

ಇಲಿ ಬೆಕ್ಕುಗಳ ಮಾತು ಹಾಗಿರಲಿ, ನಮ್ಮ ಮಕ್ಕಳ ವಿಷಯವೇನು ಎಂದು ಕೇಳುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ಮೈಸೂರಿನ ಹೋಲ್ಡ್ಸ್‌ವರ್ಥ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು, ಅವರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಆರಂಭವಾಯಿತು. ‘ಪಾರ್ಥೆನಾನ್ ಅಧ್ಯಯನ’ ಎಂದು ಅದಕ್ಕೆ ಹೆಸರು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳ ಪೈಕಿ 213 ಮಂದಿಯನ್ನು, ಅವರಿಗೆ ಸುಮಾರು ಹದಿಮೂರೂವರೆ ವರ್ಷವಾಗಿದ್ದಾಗ, ಒಂದು ವಿಚಿತ್ರ ಪರೀಕ್ಷೆಗೆ ಒಳಪಡಿಸಿದರು.

ಪರೀಕ್ಷೆ ಇಷ್ಟೆ: ಗುರುತಿಲ್ಲದ ಇಬ್ಬರು ‘ಪರೀಕ್ಷಕ’ರ ಎದುರು ನಿಂತು ಐದು ನಿಮಿಷ ಮಾತನಾಡಬೇಕು, ಆಮೇಲೆ ಐದು ನಿಮಿಷ ಬಾಯಿಲೆಕ್ಕ ಮಾಡಬೇಕು. ಅಷ್ಟು ಹೊತ್ತೂ ಉಪಕರಣಗಳು ಎದೆಬಡಿತವನ್ನೂ ರಕ್ತದೊತ್ತಡವನ್ನೂ ಅಳೆಯುತ್ತಿದ್ದವು. ಎಂಜಲಿನ ಮಾದರಿ ತೆಗೆದು ಕಾರ್ಟಿಸಾಲ್ ಅಳೆದರು. ಮಧುಮೇಹ ಇದ್ದ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ಹೃದಯದ ಪ್ರತಿಕ್ರಿಯೆ ಉಳಿದವರಿಗಿಂತ ಜೋರಾಗಿತ್ತು.

ಈ ಪ್ರಯೋಗದಿಂದ ಪಾಲಕರು ತಿಳಿಯಬೇಕಾದದ್ದು ಎರಡು. ಮಕ್ಕಳನ್ನು ಒತ್ತಡಕ್ಕೆ ಸಿಕ್ಕಿಸಲು ವಿಜ್ಞಾನಿಗಳಿಗೆ ಹಾವು ಬೇಕಾಗಲಿಲ್ಲ, ಬೆಂಕಿ ಬೇಕಾಗಲಿಲ್ಲ. ಅಪರಿಚಿತರ ಎದುರು ಮಾತು ಮತ್ತು ಲೆಕ್ಕ, ಇಷ್ಟೇ ಸಾಕಾಯಿತು. ಶಾಲೆಯ ಕರಿಹಲಗೆಯ ಮುಂದೆ ದಿನವೂ ನಡೆಯುವುದು ಇದೇ ತಾನೇ? ಎರಡನೆಯದು, ಒಂದೇ ಪರೀಕ್ಷೆ ಎಲ್ಲ ಮಕ್ಕಳ ಮೈಯನ್ನೂ ಒಂದೇ ರೀತಿ ಅಲುಗಿಸುವುದಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಿನ ಸ್ಥಿತಿಗತಿಯೂ ಅದಕ್ಕೆ ಸಂಬಂಧಪಟ್ಟಿದೆ. ‘ಅವರ ಮಗ ನೋಡು, ಎಷ್ಟ್ ಧೈರ್ಯದಿಂದ ಇದ್ದಾನ’ ಎಂದು ಹೋಲಿಸಿ ಆಡುವ ಮಾತಿಗೆ ಆದ್ದರಿಂದ ಅರ್ಥವಿಲ್ಲ.

ಒಬ್ಬ ಸೊರಗುವುದೇಕೆ, ಇನ್ನೊಬ್ಬಳು ಉಬ್ಬುವುದೇಕೆ?

ಒತ್ತಡದ ಮೊದಲ ಹಂತದಲ್ಲಿ ಹೈಪೊಥಲಾಮಸ್ ಹೊರಡಿಸುವ ರಾಸಾಯನಿಕವೇ ಹಸಿವನ್ನು ಅಡಗಿಸುತ್ತದೆ. ಕ್ಯಾನನ್ನರ ಬೆಕ್ಕಿನಂತೆ ಜಠರವೂ ಮಂದವಾಗುತ್ತದೆ. ತುತ್ತು ಬಾಯಲ್ಲೇ ಸುತ್ತುತ್ತದೆ, ಎರಡು ರೊಟ್ಟಿ ತಿನ್ನುವವನಿಗೆ ಅರ್ಧ ರೊಟ್ಟಿ ಸಾಕೆನಿಸುತ್ತದೆ. ಇದೇ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ತೂಕ ಇಳಿಯುತ್ತದೆ. ಸಾಲದ್ದಕ್ಕೆ ಕಾರ್ಟಿಸಾಲ್ ಸ್ನಾಯುಗಳಲ್ಲಿನ ಪ್ರೋಟೀನನ್ನು ಕರಗಿಸಿ ಸಕ್ಕರೆಯಾಗಿಸಲು ನೆರವಾಗುತ್ತದೆ. ತೋಳು ತೊಡೆ ಸಣ್ಣಗಾಗುವುದು ಹೀಗೆ.

ಇನ್ನೊಂದು ದಾರಿಯೂ ಇದೆ. ಒತ್ತಡ ಹಳೆಯದಾದಂತೆ ಕಾರ್ಟಿಸಾಲ್ ‘ಖರ್ಚಾದ ಶಕ್ತಿಯನ್ನು ತುಂಬಿಕೋ’ ಎಂದು ಮಿದುಳಿಗೆ ಹೇಳತೊಡಗುತ್ತದೆ. ಓಡಿ ಬಂದವನಿಗೆ ಈ ಸಲಹೆ ಸರಿ. ಕುಳಿತೇ ಇದ್ದವರಿಗೆ ಖರ್ಚೇ ಆಗಿಲ್ಲ, ಆದರೂ ಹಸಿವಾಗುತ್ತದೆ. ಅದೂ ಎಂಥ ಹಸಿವು? ಅನ್ನ ಸಾರಿನದಲ್ಲ, ಸಿಹಿ ಮತ್ತು ಕರಿದ ತಿಂಡಿಯದು. ಅಮೆರಿಕದ ಮೇರಿ ಡಾಲ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಸಕ್ಕರೆ ಮತ್ತು ಕೊಬ್ಬಿನ ತಿನಿಸು ಒತ್ತಡದ ಆ ಸರಪಳಿಯನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳಿಂದ ಅವರು ಕಂಡುಕೊಂಡಿದ್ದರು. ಅಂದರೆ ಸಂಜೆ ನಾಲ್ಕು ಮಿರ್ಚಿ, ರಾತ್ರಿ ಒಂದು ಪೊಟ್ಟಣ ಬಿಸ್ಕತ್ತು ತಿನ್ನುವ ಹುಡುಗಿ ಹೊಟ್ಟೆಬಾಕಳಲ್ಲ. ತನಗೆ ಗೊತ್ತಿಲ್ಲದೆಯೇ ತನ್ನ ತಳಮಳಕ್ಕೆ ಮದ್ದು ಮಾಡಿಕೊಳ್ಳುತ್ತಿದ್ದಾಳೆ. ಮದ್ದು ತಪ್ಪಿರಬಹುದು, ತಳಮಳ ನಿಜ.

ಹೀಗೆ ಬಂದ ಶಕ್ತಿಯನ್ನು ದೇಹ ಕೂಡಿಡುವ ಜಾಗವೂ ಬೇರೆ. ಕಾರ್ಟಿಸಾಲ್ ಮತ್ತು ಇನ್ಸುಲಿನ್ ಎರಡೂ ಏರಿರುವಾಗ ಕೊಬ್ಬು ಹೊಟ್ಟೆಯ ಒಳಭಾಗದಲ್ಲಿ, ಕರುಳು ಯಕೃತ್ತುಗಳ ಸುತ್ತ ಹೆಚ್ಚಾಗಿ ಸೇರುತ್ತದೆ. ಮುಂದೆ ಮಧುಮೇಹ, ಹೃದ್ರೋಗಗಳಿಗೆ ದಾರಿ ಮಾಡುವುದು ಮುಖ್ಯವಾಗಿ ಈ ಒಳಗೊಬ್ಬೇ.

ಹಾಗೆಂದು ಒತ್ತಡ ಗಾಳಿಯಿಂದ ಕೊಬ್ಬು ಹುಟ್ಟಿಸುವುದಿಲ್ಲ. ಊಟ, ನಿದ್ದೆ, ಓಡಾಟ ಎಂಬ ಮೂರು ಬಾಗಿಲುಗಳಿಂದಲೇ ಅದು ಒಳಬರುವುದು. ಈ ಮೂರರಲ್ಲಿ ಮನೆಯವರು ಹೆಚ್ಚು ಕಡೆಗಣಿಸುವುದು ನಿದ್ದೆಯನ್ನು.

ನಿದ್ದೆಗೆಟ್ಟ ರಾತ್ರಿಯ ಲೆಕ್ಕ

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ನಿದ್ದೆಯ ಬೆಲೆ ಗೊತ್ತು. ಹಗಲು ಎಷ್ಟು ಮಲಗಿದರೂ ರಾತ್ರಿಯ ನಿದ್ದೆಗೆ ಸಮವಾಗದು. ಹೊತ್ತಲ್ಲದ ಹೊತ್ತಿನಲ್ಲಿ ಹಸಿವು, ಊಟದ ಹೊತ್ತಿನಲ್ಲಿ ಮಂದ. ಆದರೆ ಪಾಳಿ ಮುಗಿಸಿ ಬಂದ ಅಪ್ಪನೇ ಮಗನಿಗೆ ‘ಎರಡು ಗಂಟೆತನಕ ಎದ್ದು ಓದು’ ಎನ್ನುವುದುಂಟು. ಗಣಿಯಲ್ಲಾದರೂ ಪಾಳಿ ಬದಲಾಗುತ್ತದೆ, ಪರೀಕ್ಷೆಗೆ ಕುಳಿತ ಮಗನ ಪಾಳಿ ಬದಲಾಗುವುದೇ ಇಲ್ಲ.

ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಹನ್ನೆರಡು ಮಂದಿ ಆರೋಗ್ಯವಂತ ಯುವಕರ ಮೇಲೆ ನಡೆದ ಪ್ರಯೋಗವೊಂದು 2004ರಲ್ಲಿ ಪ್ರಕಟವಾಯಿತು. ಎರಡು ರಾತ್ರಿ ಅವರಿಗೆ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಸಾಕಷ್ಟು ಮಲಗಿದಾಗಿನ ಸ್ಥಿತಿಗೆ ಹೋಲಿಸಿದರೆ, ‘ಹೊಟ್ಟೆ ತುಂಬಿತು’ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು, ‘ಹಸಿವು’ ಎಂದು ಕೂಗುವ ಗ್ರೆಲಿನ್ ಶೇ. 28ರಷ್ಟು ಏರಿತ್ತು. ಸಿಹಿ, ಉಪ್ಪಿನ ತಿಂಡಿಗಳ ಆಸೆ ಹೆಚ್ಚಿತ್ತು. ಎರಡೇ ರಾತ್ರಿಗೆ ಹೀಗಾದರೆ ಎರಡು ತಿಂಗಳಿಗೆ?

ನಿದ್ದೆಗೆಟ್ಟ ಓದಿನಿಂದ ಓದಿಗೂ ನಷ್ಟವೇ. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂಬುದು ತಜ್ಞರ ಸಲಹೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತದೆ ಗಾದೆ. ಚಿಂತೆ ಇದ್ದವನಿಗೆ ಮೆತ್ತನೆಯ ಹಾಸಿಗೆಯಲ್ಲೂ ಇಲ್ಲ. ನಿದ್ದೆ ಇಲ್ಲದ್ದಕ್ಕೆ ಚಿಂತೆ, ಚಿಂತೆಯಿಂದ ನಿದ್ದೆ ಇಲ್ಲ; ಗಾಣದೆತ್ತಿನಂತೆ ಸುತ್ತು.

ನೆಗಡಿ ಮತ್ತು ಮಾಯದ ಗಾಯ

‘ಸರಿಯಾಗಿ ಪರೀಕ್ಷೆ ಟೈಮಿಗೇ ಜ್ವರ ಬರ್ತದ’ ಎಂದು ಅನೇಕ ಮನೆಗಳಲ್ಲಿ ಗೊಣಗುತ್ತಾರೆ. ಕೆಲವರು ಅದನ್ನು ಮಕ್ಕಳ ನಾಟಕವೆಂದೂ ಭಾವಿಸುತ್ತಾರೆ. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರು ಗಮನಿಸಬೇಕು. ಒಪ್ಪಿಗೆ ಕೊಟ್ಟ 394 ಮಂದಿ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಇದ್ದ ಹನಿಗಳನ್ನು ಹಾಕಲಾಯಿತು. ಎಲ್ಲರಿಗೂ ವೈರಸ್ ಸಿಕ್ಕಿತು, ಎಲ್ಲರಿಗೂ ನೆಗಡಿ ಆಗಲಿಲ್ಲ. ಕಡಿಮೆ ಒತ್ತಡದಲ್ಲಿದ್ದವರಲ್ಲಿ ಶೇ. 27ರಷ್ಟು ಮಂದಿಗೆ, ಅತಿ ಹೆಚ್ಚು ಒತ್ತಡದಲ್ಲಿದ್ದವರಲ್ಲಿ ಶೇ. 47ರಷ್ಟು ಮಂದಿಗೆ ನೆಗಡಿ ಹಿಡಿಯಿತು.

ಇನ್ನೂ ಅಚ್ಚರಿಯದು 1998ರಲ್ಲಿ ಪ್ರಕಟವಾದ ಪ್ರಯೋಗ. ಅಮೆರಿಕದ ಹನ್ನೊಂದು ಮಂದಿ ದಂತವೈದ್ಯ ವಿದ್ಯಾರ್ಥಿಗಳ ಬಾಯಿಯ ಅಂಗಳದಲ್ಲಿ ಚಿಕ್ಕದೊಂದು ಗಾಯ ಮಾಡಿ, ಅದು ಮಾಯುವ ದಿನಗಳನ್ನು ಎಣಿಸಲಾಯಿತು. ಬೇಸಿಗೆ ರಜೆಯಲ್ಲಿ ಒಂದು ಗಾಯ, ಪರೀಕ್ಷೆಗೆ ಮೂರು ದಿನ ಮೊದಲು ಇನ್ನೊಂದು. ಪರೀಕ್ಷೆಯ ವೇಳೆಯ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇ. 40ರಷ್ಟು ಹೆಚ್ಚು ಕಾಲ ಹಿಡಿಯಿತು. ರಜೆಯಲ್ಲಿದ್ದಷ್ಟು ಬೇಗ ಪರೀಕ್ಷೆಯಲ್ಲಿ ಒಬ್ಬರಿಗೂ ಗುಣವಾಗಲಿಲ್ಲ.

ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟುವುದೂ ತಪ್ಪು. ಜಠರದ ಹುಣ್ಣಿಗೆ ಚಿಂತೆಯೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅದರ ಹಿಂದೆ ಹೆಚ್ಚಾಗಿ ಒಂದು ಬ್ಯಾಕ್ಟೀರಿಯ ಇರುತ್ತದೆಂದು ತೋರಿಸಿ 2005ರ ನೊಬೆಲ್ ಬಹುಮಾನ ಪಡೆದರು.

ಎರಡು ಅನಾಥಾಲಯಗಳ ಕಥೆ

ಪಾಲಕರು ಒಂದೇ ಒಂದು ಪ್ರಯೋಗವನ್ನು ನೆನಪಿನಲ್ಲಿಡುವುದಾದರೆ ಅದು ಈ ಮುಂದಿನದಾಗಿರಲಿ.

ಎರಡನೆಯ ಮಹಾಯುದ್ಧ ಮುಗಿದು ಜರ್ಮನಿಯಲ್ಲಿ ಆಹಾರಕ್ಕೆ ಪಡಿತರವಿದ್ದ ಕಾಲ. ಬ್ರಿಟನ್ನಿನ ಪೋಷಕಾಹಾರ ತಜ್ಞೆ ಎಲ್ಸಿ ವಿಡೋಸನ್ ವುಪರ್ಟಾಲ್ ಪಟ್ಟಣದ ಎರಡು ಅನಾಥಾಲಯಗಳ ಮಕ್ಕಳ ತೂಕವನ್ನು ಹದಿನೈದು ದಿನಕ್ಕೊಮ್ಮೆ ನೋಡುತ್ತಿದ್ದರು. ಒಂದೊಂದರಲ್ಲೂ ಸುಮಾರು ಐವತ್ತು ಮಕ್ಕಳು, ನಾಲ್ಕರಿಂದ ಹದಿನಾಲ್ಕು ವರ್ಷದವರು. ಮೊದಲ ಆರು ತಿಂಗಳು ಎರಡು ಕಡೆಗೂ ಒಂದೇ ಪಡಿತರ. ಆಮೇಲಿನ ಆರು ತಿಂಗಳು ಒಂದು ಅನಾಥಾಲಯದ ಮಕ್ಕಳಿಗೆ ಬೇಕಾದಷ್ಟು ಬ್ರೆಡ್ಡು, ಜಾಮು, ಕಿತ್ತಳೆ ರಸ. ಹೆಚ್ಚು ತಿಂದವರು ಹೆಚ್ಚು ಬೆಳೆಯಬೇಕು ತಾನೇ? ಆದದ್ದು ತದ್ವಿರುದ್ಧ. ಹೆಚ್ಚಿನ ಆಹಾರ ಸಿಕ್ಕ ಮಕ್ಕಳ ತೂಕ, ಸಿಗದ ಮಕ್ಕಳಷ್ಟೂ ಏರಲಿಲ್ಲ.

ಕಾರಣ ಹುಡುಕಿದಾಗ ಕಂಡದ್ದು ಆಹಾರವಲ್ಲ, ಒಬ್ಬ ಮೇಲ್ವಿಚಾರಕಿ. ಹೆಚ್ಚಿನ ಆಹಾರ ಕೊಡಲು ಶುರು ಮಾಡಿದ ಹೊತ್ತಿಗೇ ಆಕೆಗೆ ಆ ಅನಾಥಾಲಯಕ್ಕೆ ವರ್ಗವಾಗಿತ್ತು. ಆಕೆ ಅದಕ್ಕೆ ಮುಂಚೆ ಇದ್ದ ಕಡೆ ಮಕ್ಕಳ ತೂಕ ಹಿಂದೆ ಬಿದ್ದಿತ್ತು. ಆಕೆ ಹೋದ ಮೇಲೆ ಅಲ್ಲಿನ ಮಕ್ಕಳು ಹಳೆಯ ಪಡಿತರದಲ್ಲೇ ಚೇತರಿಸಿಕೊಂಡರು. ಆಕೆ ಮಕ್ಕಳನ್ನು ಹೊಡೆದು ಬಡಿದು ಮಾಡುತ್ತಿದ್ದಳೆಂದಲ್ಲ. ತಪ್ಪು ಹುಡುಕಿ ಎಲ್ಲರೆದುರು ಬೈಯುವುದು ಅವಳ ರೂಢಿ. ಅದಕ್ಕೆ ಅವಳು ಆರಿಸಿಕೊಳ್ಳುತ್ತಿದ್ದುದು ಊಟದ ಹೊತ್ತನ್ನು, ಏಕೆಂದರೆ ಆಗ ಎಲ್ಲ ಮಕ್ಕಳೂ ಒಂದೆಡೆ ಸಿಗುತ್ತಿದ್ದರು. ಬೈಗುಳ ಮುಗಿಯುವಷ್ಟರಲ್ಲಿ ಸೂಪು ಆರಿ ತಣ್ಣಗಾಗಿರುತ್ತಿತ್ತು, ಮಕ್ಕಳು ಕಂಗೆಟ್ಟಿರುತ್ತಿದ್ದರು. ಅವಳಿಗೆ ಅಚ್ಚುಮೆಚ್ಚಿನವರಾಗಿ ಬೈಗುಳ ತಪ್ಪಿಸಿಕೊಂಡ ಎಂಟು ಮಕ್ಕಳಿದ್ದರು. ಅವರ ತೂಕ ಮಾತ್ರ ಚೆನ್ನಾಗಿಯೇ ಏರಿತ್ತು! ವಿಡೋಸನ್ ಈ ಅಧ್ಯಯನವನ್ನು 1951ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ನಮ್ಮ ಮನೆಗಳಲ್ಲಿ ಅಪ್ಪ, ಅವ್ವ, ಮಕ್ಕಳು ಒಟ್ಟಿಗೆ ಸಿಗುವುದು ಯಾವಾಗ? ರಾತ್ರಿ ಊಟಕ್ಕೆ. ಕಿರುಪರೀಕ್ಷೆಯ ಅಂಕ, ಟ್ಯೂಷನ್ನಿನ ಫೀ, ಓಣಿಯ ಇನ್ನೊಬ್ಬ ಹುಡುಗನ ರ‍್ಯಾಂಕು, ಮನೆಯ ಸಾಲ ಎಲ್ಲವೂ ಹೊರಬರುವುದು ಆಗಲೇ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತಟ್ಟೆಯಲ್ಲೇ ಇರುತ್ತವೆ. ಹುಡುಗ ‘ಸಾಕು’ ಎಂದು ಎದ್ದುಹೋಗುತ್ತಾನೆ. ಮರುದಿನ ಅವ್ವ ಟಾನಿಕ್ಕಿನ ಅಂಗಡಿ ಹುಡುಕುತ್ತಾಳೆ.

ಹುಡುಗಿಯ ವಿಷಯದಲ್ಲಿ ಇದೇ ಕಥೆ ತಿರುವುಮುರುವು. ‘ಇನ್ನೊಂದ್ ರೊಟ್ಟಿ ಬ್ಯಾಡ, ಮದಲೇ ಹೆಂಗಾಗಿ ನೋಡ್ಕೋ’ ಎಂದು ಎಲ್ಲರೆದುರು ಅಂದ ಮಾತು ಅವಳ ಊಟ ನಿಲ್ಲಿಸಬಹುದು, ತಿನ್ನುವುದನ್ನು ನಿಲ್ಲಿಸುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಮೈಯನ್ನು ಹಂಗಿಸುವುದರಿಂದ ತೂಕ ಇಳಿಯುವುದಿಲ್ಲ. ಅದು ಒತ್ತಡಕ್ಕೆ ಇನ್ನೊಂದು ಕಾರಣವಾಗುತ್ತದೆ, ಅಷ್ಟೆ.

ತೂಕದ ಯಂತ್ರ ಹೇಳದ ಮಾತು

ತೂಕ ಸರಿಯಿದೆಯೆಂದರೆ ಎಲ್ಲವೂ ಸರಿಯಿದೆ ಎಂದಲ್ಲ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರೂ ತಮ್ಮದೇ ಚಿತ್ರವನ್ನು 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಇಬ್ಬರಿಗೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕ್ ಅವರ ದೇಹದಲ್ಲಿ ಶೇ. 21.2! ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಕೂಡಿಡುವ ಮೈಕಟ್ಟು ಭಾರತೀಯರದು ಎಂಬುದು ಇದರ ಪಾಠ. ಆದ್ದರಿಂದ ದೊಡ್ಡವರು ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ನೋಡಿಕೊಳ್ಳಬೇಕು. ಭಾರತೀಯ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಬೆಳೆಯುವ ಮಕ್ಕಳಿಗೆ ಈ ಅಳತೆ ಅನ್ವಯಿಸದು. ವಯಸ್ಸು ಮತ್ತು ಎತ್ತರಕ್ಕೆ ಹೊಂದಿಸಿದ ಪಟ್ಟಿ ನೋಡಿ ವೈದ್ಯರೇ ಹೇಳಬೇಕು.

‘ದಪ್ಪಗಾಗುವ ಗುಳಿಗೆ’ಯ ಅಪಾಯ

ಸೊರಗಿದ ಮಕ್ಕಳಿಗೆ ಮೈ ಬರಲೆಂದು ಚೀಟಿ ಇಲ್ಲದೆ ಗುಳಿಗೆ ತಂದು ನುಂಗಿಸುವವರಿದ್ದಾರೆ. ಇಂಥ ಗುಳಿಗೆ, ಪುಡಿಗಳಲ್ಲಿ ಸ್ಟೆರಾಯ್ಡ್ ಇರಬಹುದು. ಅದು ಬೇರೇನೂ ಅಲ್ಲ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ದಾಯಾದಿ. ಮೈಯಲ್ಲಿ ಕಾರ್ಟಿಸಾಲ್ ಮಿತಿಮೀರಿದರೆ ಏನಾಗುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1932ರಲ್ಲಿ ವಿವರಿಸಿದ್ದರು: ಮುಖ ಚಂದ್ರನಂತೆ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಕೈಕಾಲು ಸಣ್ಣಗಾಗುತ್ತವೆ, ರಕ್ತದೊತ್ತಡ, ಸಕ್ಕರೆ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ. ಗುಳಿಗೆ ನುಂಗಿದ ಮಗುವಿನ ಕೆನ್ನೆ ತುಂಬಿಕೊಂಡದ್ದು ಕಂಡು ಮನೆಯವರು ಹಿಗ್ಗುತ್ತಾರೆ. ಅದು ಆರೋಗ್ಯವಲ್ಲ, ಕಾಯಿಲೆಯ ನಕಲು. ದಮ್ಮು ಮುಂತಾದ ರೋಗಗಳಿಗೆ ವೈದ್ಯರು ಅಳತೆ ನೋಡಿ ಕೊಡುವ ಸ್ಟೆರಾಯ್ಡ್ ಬೇರೆ ಮಾತು. ಅದನ್ನು ತಾವಾಗಿಯೇ ತಟ್ಟನೆ ನಿಲ್ಲಿಸಲೂ ಬಾರದು.

ತೂಕ ಇಳಿಯುವುದಕ್ಕೂ ಏರುವುದಕ್ಕೂ ಒತ್ತಡವಲ್ಲದೆ ಬೇರೆ ಕಾರಣಗಳೂ ಇರುತ್ತವೆ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಜೊತೆಗೆ ತೂಕ ಇಳಿಕೆ ಇದ್ದರೆ ಮಕ್ಕಳಿಗೂ ಬರುವ ಮಧುಮೇಹವಿರಬಹುದು. ತಡಮಾಡಿದರೆ ಜೀವಕ್ಕೇ ಅಪಾಯ. ಸದಾ ಆಯಾಸ, ತೂಕ ಏರಿಕೆ ಇದ್ದರೆ ಥೈರಾಯ್ಡ್ ನೋಡಿಸಬೇಕು. ಹೆಣ್ಣುಮಕ್ಕಳ ಮುಟ್ಟು ಒತ್ತಡದಿಂದ, ತೂಕ ಇಳಿದದ್ದರಿಂದ ತಪ್ಪುವುದುಂಟು. ಮೂರು ತಿಂಗಳು ಆಗದಿದ್ದರೆ ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸಬೇಕು.

ಮನೆಯಲ್ಲೇ ಮಾಡಬಹುದಾದದ್ದು

ಮೊದಲನೆಯದಾಗಿ, ಊಟದ ಹೊತ್ತಿನಲ್ಲಿ ಅಂಕದ ಮಾತು ಬೇಡ. ಆ ಮಾತಿಗೆ ಬೇರೆ ಹೊತ್ತು ಇಟ್ಟುಕೊಳ್ಳಬಹುದು, ಅದೂ ಎಲ್ಲರ ಎದುರಲ್ಲ.

ಎರಡನೆಯದು ಊಟದ ಹದ. ರಾಯಚೂರು ಸೀಮೆಯ ಅಡುಗೆಯಲ್ಲಿ ಬೇಕಾದದ್ದೆಲ್ಲ ಇದೆ. ಜೋಳ, ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಗುರೆಳ್ಳು ಚಟ್ನಿ, ಮಜ್ಜಿಗೆ. ದುಬಾರಿ ಡಬ್ಬಿಯ ಪುಡಿಗಳ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಹಸಿವಿಲ್ಲದವನಿಗೆ ಒಮ್ಮೆಲೇ ತಟ್ಟೆ ತುಂಬ ಬಡಿಸುವ ಬದಲು ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡಬಹುದು. ಪದೇ ಪದೇ ತಿನ್ನಬೇಕೆನಿಸುವವಳ ಕೈಗೆ ಸಿಗುವಂತೆ ಹುರಿದ ಕಡಲೆ, ಶೇಂಗಾ, ಹಣ್ಣು ಇಟ್ಟರೆ ಬಿಸ್ಕತ್ತು ತಾನಾಗಿ ಹಿಂದೆ ಸರಿಯುತ್ತದೆ. ಸಂಜೆಯ ನಂತರದ ಚಹಕ್ಕೆ ಕಡಿವಾಣ ಬೇಕು. ಅದರಲ್ಲಿನ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ.

ಮೂರನೆಯದು ಓಡಾಟ. ಒತ್ತಡದ ದೇಹ ಓಡಲು ಸಿದ್ಧವಾಗಿ ನಿಂತಿದೆ. ಅದನ್ನು ಓಡಿಸಿದರೆ ಹಗುರಾಗುತ್ತದೆ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ಅರವತ್ತು ನಿಮಿಷ ಮೈ ದಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪರೀಕ್ಷೆಯ ವರ್ಷ ಆಟ ಬಂದ್ ಮಾಡುವುದು ಜಾಣತನವಲ್ಲ. ಬಿಸಿಲೇರುವ ಮುನ್ನ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಸಾಕು. ಹೆಣ್ಣುಮಕ್ಕಳಿಗೆ ಆಟದ ಬಯಲು ಸಿಗುವುದು ಕಷ್ಟ. ಅವ್ವನ ಜೊತೆ ನಡಿಗೆ, ಅಂಗಳದಲ್ಲಿ ಹಗ್ಗದಾಟ, ಮಾಳಿಗೆಯ ಮೇಲೆ ಯೋಗಾಸನ ಯಾವುದಾದರೂ ಆದೀತು.

ನಾಲ್ಕನೆಯದು ಹುಲಿಯ ಗಾತ್ರವನ್ನು ಕುಗ್ಗಿಸುವುದು. 2024ರಲ್ಲಿ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆದು, ಬಂದ ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳುವ ವ್ಯವಸ್ಥೆ ಜಾರಿಗೆ ಬಂತು. ಒಂದು ದಿನದ ಸೋಲು ಬದುಕಿನ ಸೋಲಲ್ಲ ಎಂದು ಇಲಾಖೆಯೇ ಒಪ್ಪಿಕೊಂಡ ಮೇಲೆ ಮನೆ ಒಪ್ಪಿಕೊಳ್ಳಲು ಅಡ್ಡಿಯೇನು?

ನೆರವು ದೂರವಿಲ್ಲ

ಮನಸ್ಸಿನ ತೊಂದರೆಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲ ಈಗಿಲ್ಲ. ಅದನ್ನು ಬದಲಿಸಿದ ಪ್ರಯೋಗ ನಡೆದದ್ದು ನೆರೆಯ ಬಳ್ಳಾರಿಯಲ್ಲಿ. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮಾನಸಿಕ ಚಿಕಿತ್ಸೆ ದೊರೆಯುವಂತೆ ಮಾಡಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದನ್ನೇ ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೆಸರು ಹೇಳಲೇಬೇಕೆಂದಿಲ್ಲ.

ಮಗ ಅಥವಾ ಮಗಳು ಯಾರೊಡನೆಯೂ ಮಾತನಾಡದೆ ಕುಳಿತರೆ, ಮೊದಲು ಇಷ್ಟಪಡುತ್ತಿದ್ದದ್ದೆಲ್ಲ ಬೇಡವಾದರೆ, ತಿಂದದ್ದನ್ನು ಬೇಕೆಂದೇ ವಾಂತಿ ಮಾಡಿಕೊಳ್ಳುತ್ತಿದ್ದರೆ ಕಾಯಬಾರದು. ‘ನಾನು ಇರಬಾರದಿತ್ತು’ ಎಂಬ ಮಾತು ಬಾಯಿಂದ ಬಂದರಂತೂ ಅದನ್ನು ಗದರಿ ಸುಮ್ಮನಾಗಿಸದೆ, ಪಕ್ಕದಲ್ಲೇ ಇದ್ದು, ಅಂದೇ ನೆರವು ಪಡೆಯಬೇಕು.

ಉಳಿದವರಿಗೆ ಬೇಕಾದದ್ದು ಇಷ್ಟು ದೊಡ್ಡ ಚಿಕಿತ್ಸೆಯಲ್ಲ. ಇಂದು ರಾತ್ರಿ ರೊಟ್ಟಿ ಬಡಿಸುವಾಗ ‘ಎಷ್ಟು ಬಂತು?’ ಎಂದು ಕೇಳುವ ಬದಲು ‘ನಿನ್ನೆ ನಿದ್ದಿ ಬಂತಾ?’ ಎಂದು ಅವ್ವ ಕೇಳಿದರೆ ಹುಡುಗ ತಲೆಯೆತ್ತಿ ನೋಡಬಹುದು. ಉತ್ತರ ಹೇಳಲು ಸ್ವಲ್ಪ ಹೊತ್ತು ಹಿಡಿದೀತು. ಅಷ್ಟರಲ್ಲಿ ಇನ್ನೊಂದು ರೊಟ್ಟಿ ಹಾಕಬಹುದು.